ಗಟ್ಟಿಜೀವದ ಕಟ್ಟುಕಥೆ

ಬೀದಿಯ ನಾಯಿಯದು ಗಟ್ಟಿಜೀವ, ಅದಕ್ಕೆ ಉಣುಗು ಕಚ್ಚಿದರೇನು ಬಿಟ್ಟರೇನು ಎಂಬ ಮಾತು ಮುಂಬಯಿ ಮಹಾನಗರದಲ್ಲಿ ಇಂದು ಎಷ್ಟು ಸರ್ವಸಮ್ಮತವಾಗಿ ನಿಂತಿದೆಯೆಂದರೆ, ಕೊಲಾಬಾದಿಂದ ದಹಿಸರದವರೆಗೆ ಉಳಿದೆಲ್ಲ ವಿಷಯಗಳಲ್ಲಿಯೂ ಪರಸ್ಪರ ಮುಖ ನೋಡಲೊಲ್ಲದ ಎರಡು ಪಕ್ಷಗಳು ಈ ಒಂದು ವಿಷಯದಲ್ಲಿ ಮಾತ್ರ ಏಕಕಂಠದಿಂದ ನುಡಿಯುವುವು. ರಾತ್ರಿ ಹನ್ನೊಂದರ ಮೇಲೆ ಸ್ಕೂಟರಿನಲ್ಲಿ ಅನ್ನದ ಡಬ್ಬಿಗಳನ್ನಿಟ್ಟುಕೊಂಡು ಗಲ್ಲಿಗಲ್ಲಿಗೆ ಬಂದು ಉಣಿಸಿ ಹೋಗುವ ದಯಾಳುಗಳು, "ಇದು ನಮ್ಮ ದೇಶೀ ತಳಿ, ವಿಲಾಯಿತಿ ನಾಯಿಯ ಹಾಗೆ ಸುಕುಮಾರವಲ್ಲ" ಎಂದು ಹೆಮ್ಮೆಯಿಂದ ಹೇಳುವರು. ಅದೇ ನಾಯಿಗಳನ್ನು ಊರಾಚೆಗೆ ಅಟ್ಟಬೇಕೆಂದು ವಾರ್ಡ್ ಕಚೇರಿಗೆ ಅರ್ಜಿಯ ಮೇಲೆ ಅರ್ಜಿ ಗುಜರಾಯಿಸುವ ಸೊಸೈಟಿಯ ಕಾರ್ಯದರ್ಶಿಗಳು, "ಅವಕ್ಕೇನು ಧಾಡಿ, ಏನೂ ಆಗುವುದಿಲ್ಲ" ಎಂದು ಹಲ್ಲು ಕಡಿದು ಹೇಳುವರು. ಒಂದು ಪಕ್ಷದ ಪ್ರೀತಿಯೂ ಇನ್ನೊಂದರ ದ್ವೇಷವೂ ಒಂದೇ ಸುಳ್ಳಿಗೆ ಒರಗಿ ನಿಶ್ಚಿಂತವಾಗಿ ನಿದ್ರಿಸುತ್ತಿರುವಾಗ, ಆ ಸುಳ್ಳಿಗೆ ಬೆಲೆ ತೆರುತ್ತಿರುವುದು, ಕಿವಿಯ ಮಡಿಕೆಯಲ್ಲಿ, ಕಾಲ್ಬೆರಳ ಸಂದಿಯಲ್ಲಿ, ಕೊರಳ ಕೆಳಗೆ, ಹರಳುಬೀಜಗಳನ್ನು ಅಂಟಿಸಿದಂತೆ ಉಬ್ಬಿದ ಉಣುಗುಗಳನ್ನು ಹೊತ್ತು ವಾಚ್‌ಮನ್ನನ ಕುರ್ಚಿಯ ಕೆಳಗೆ ನಾಲಗೆ ಚಾಚಿ ಮಲಗಿರುವ ನಾಯಿ.

ನಾಯಿಯ ವಿಷಯದಲ್ಲಿ ಈ ನಗರವು ಮೂಕವಾಗಿದ್ದ ಕಾಲವೇ ಇಲ್ಲ. ಒಂದೊಂದು ನಾಯಿಯನ್ನು ಕೊಂದುದಕ್ಕೆ ಎಂಟಾಣೆಯ ಇನಾಮು ಸಲ್ಲುತ್ತಿದ್ದ ಕಂಪನಿ ಸರಕಾರದ ಕಾಲದಲ್ಲಿ, 1832ರ ಜೂನ್ ತಿಂಗಳಲ್ಲಿ, ಪಾರಸಿಗಳು ಕೋಟೆಯೊಳಗೆ ದಂಗೆಯೆದ್ದು, ಅಂಗಡಿಗಳನ್ನು ಮುಚ್ಚಿಸಿ, ದಂಡಿನವರಿಗೆ ಹೋಗುತ್ತಿದ್ದ ಆಹಾರಸಾಮಗ್ರಿಯನ್ನೂ ತಡೆದು ನಿಲ್ಲಿಸಿದ ಊರು ಇದು. 1874ರಲ್ಲಿಯೇ ಪ್ರಾಣಿಹಿಂಸೆಯನ್ನು ತಡೆಯುವ ಸಂಘವನ್ನು ಕಟ್ಟಿಕೊಂಡು, ಪರೇಲಿನಲ್ಲಿ ಬಾಯಿ ಸಾಕರಬಾಯಿ ದಿನಶಾ ಪೆಟಿಟ್ ಅವರ ಹೆಸರಿನ ಪಶುಚಿಕಿತ್ಸಾಲಯವನ್ನೂ, 1886ರಲ್ಲಿ ಅದರ ಮಗ್ಗುಲಿಗೆ ಪಶುವೈದ್ಯ ವಿದ್ಯಾಲಯವನ್ನೂ ಪಡೆದ ಊರು. ಮಹಾಲಕ್ಷ್ಮಿಯ ದೊಡ್ಡಿಯಲ್ಲಿ ನಾಯಿಗಳನ್ನು ವಿದ್ಯುದಾಘಾತದಿಂದ ಕೊಲ್ಲಿಸುತ್ತಿದ್ದ ಪಾಲಿಕೆಯು, ಅದರಿಂದ ಸಂಖ್ಯೆ ಇಳಿಯದುದನ್ನು ಕಂಡು, 1990ರ ದಶಕದಲ್ಲಿ ಕೊಲೆಯನ್ನು ಬಿಟ್ಟು ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಹಿಡಿಯಿತು. 2001ರಲ್ಲಿ ಅದಕ್ಕೆ ಕೇಂದ್ರದ ನಿಯಮಗಳು ಬಂದುವು, 2023ರಲ್ಲಿ ಅವು ಪರಿಷ್ಕೃತವಾದುವು. 2014ರಲ್ಲಿ ಪಾಲಿಕೆ ಎಣಿಸಿದಾಗ ಬೀದಿನಾಯಿಗಳು 95,172. ಹತ್ತು ವರ್ಷಗಳ ಮೇಲೆ ಸುಮಾರು 90 ಸಾವಿರ. 2025ರಲ್ಲಂತೂ ಸರ್ವೋಚ್ಚ ನ್ಯಾಯಾಲಯವು ಆಗಸ್ಟ್ 11ರಂದು ಒಂದು, ಅದೇ ತಿಂಗಳ 22ರಂದು ಅದನ್ನು ತಿದ್ದಿ ಇನ್ನೊಂದು, ನವೆಂಬರ್ 7ರಂದು ಮತ್ತೊಂದು ಆದೇಶವನ್ನು ಹೊರಡಿಸಿ, ದೇಶಕ್ಕೆ ದೇಶವೇ ನಾಯಿಯ ಪರವಾಗಿಯೋ ವಿರುದ್ಧವಾಗಿಯೋ ಬೀದಿಗಿಳಿಯುವಂತಾಯಿತು.

ಹೀಗೆ ಎರಡು ಶತಮಾನಗಳಿಂದ ನಡೆದುಬಂದ ಈ ಮಹಾವಾಗ್ವಾದವೆಲ್ಲ ಎರಡೇ ಪ್ರಶ್ನೆಗಳ ಸುತ್ತ ತಿರುಗಿದೆ: ನಾಯಿಗಳು ಎಷ್ಟು? ಅವು ಇರಬೇಕೋ, ಹೋಗಬೇಕೋ? ಇರುವ ನಾಯಿಯ ಮೈಯಲ್ಲಿ ರಕ್ತವೆಷ್ಟು ಉಳಿದಿದೆ ಎಂಬ ಮೂರನೆಯ ಪ್ರಶ್ನೆಯನ್ನು ದಂಗೆಯೆದ್ದವರೂ ಕೇಳಲಿಲ್ಲ, ದಂಡ ಹಾಕಿದವರೂ ಕೇಳಲಿಲ್ಲ. ಹುಚ್ಚುನಾಯಿ ರೋಗಕ್ಕೆ ಲಸಿಕೆ ಹಾಕಿದೆವಲ್ಲ ಎಂದು ಪಾಲಿಕೆ ಹೇಳೀತು. ಹೌದು, ಮನುಷ್ಯನನ್ನು ಕೊಲ್ಲುವ ರೋಗವಾದುದರಿಂದ ಹಾಕಿತು. ನಾಯಿಯನ್ನು ಕೊಲ್ಲುವ ರೋಗಕ್ಕೆ?

ಉಣುಗಿನ ಸ್ವಭಾವವನ್ನು ತಿಳಿಯದವರೇ ಈ ವಿಷಯದಲ್ಲಿ ಅತ್ಯಂತ ಗಟ್ಟಿಯಾಗಿ ಮಾತಾಡುವರಾದುದರಿಂದ, ಅದರ ಸಂಸಾರವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುವುದು ಅವಶ್ಯ. ನಮ್ಮ ನಗರದ ನಾಯಿಗಳ ಮೇಲೆ ಕಾಣುವ ಕಂದುಬಣ್ಣದ ಉಣುಗು, ಮರಾಠಿಯವರ ಗೋಚಿಡ, ಶಾಸ್ತ್ರಜ್ಞರ ರಿಪಿಸೆಫಾಲಸ್ ಸ್ಯಾಂಗ್ವಿನಿಯಸ್, ಮೊಟ್ಟೆಯೊಡೆದು ಬಂದ ಆರು ಕಾಲಿನ ಮರಿಯಾಗಿ ಒಮ್ಮೆ, ಎಂಟು ಕಾಲಿನ ಎಳೆಯದಾಗಿ ಒಮ್ಮೆ, ಪ್ರೌಢಾವಸ್ಥೆಯಲ್ಲಿ ಮತ್ತೊಮ್ಮೆ, ಹೀಗೆ ಜೀವಮಾನದಲ್ಲಿ ಮೂರು ಸಲ ಮಾತ್ರ ನಾಯಿಯ ಮೈಯೇರಿ, ಕೆಲವು ದಿನ ರಕ್ತ ಹೀರಿ, ಪ್ರತಿ ಸಲವೂ ಕೆಳಗುದುರಿ, ಉಳಿದ ಆಯುಷ್ಯವನ್ನೆಲ್ಲ ಗೋಡೆಯ ಬಿರುಕುಗಳಲ್ಲಿ, ಮೆಟ್ಟಿಲ ಸಂದುಗಳಲ್ಲಿ, ಚೌಕಟ್ಟಿನ ಹಿಂದೆ, ಕಾರಂಜಿಯ ಕಲ್ಲಿನಡಿಯಲ್ಲಿ ಕಳೆಯುವುದು. ಅದಕ್ಕೆ ಮೇಲಕ್ಕೆ ಹತ್ತುವ ಚಪಲ. ಉಬ್ಬಿದ ಹೆಣ್ಣು ಗೋಡೆಯೇರಿ ಒಂದು ಸೀಳಿನಲ್ಲಿ ಕುಳಿತು ಸಾವಿರಾರು ಮೊಟ್ಟೆಗಳನ್ನು ಒಂದೇ ಸಲಕ್ಕೆ ಇಟ್ಟು ಸಾಯುವುದು. ಬಿಸಿಲ ನಾಡಿನಲ್ಲಿ ಈ ಚಕ್ರವೆಲ್ಲ ಎರಡು ಮೂರು ತಿಂಗಳುಗಳಲ್ಲಿ ಮುಗಿದು ಹೊಸತು ಮೊದಲಾಗುವುದು. ಅದನ್ನು ತಡೆದು ನಿಲ್ಲಿಸುವಷ್ಟು ಚಳಿ ಮುಂಬಯಿಗೆ ಯಾವ ಮಾಗಿಯಲ್ಲಿಯೂ ಬಂದುದಿಲ್ಲ. ಹಸಿದ ಉಣುಗು ತಿಂಗಳುಗಟ್ಟಲೆ ಉಪವಾಸವಿದ್ದು ಕಾಯಬಲ್ಲುದು. ಎಂದಮೇಲೆ, ನಾವು ನಾಯಿಯ ಮೈಮೇಲೆ ಕಾಣುವುದು ಈ ಸಮುದಾಯದ ಅಲ್ಪಾಂಶವನ್ನು ಮಾತ್ರ. ಮಿಕ್ಕ ಬಹುಭಾಗವೆಲ್ಲ ನಮ್ಮ ಚಾಳಿನ, ನಮ್ಮ ಸೊಸೈಟಿಯ ಗೋಡೆಗಳೊಳಗೆ, ಬಾಡಿಗೆಯನ್ನಾಗಲಿ ಪಗಡಿಯನ್ನಾಗಲಿ ಕೊಡದೆ, ಖಾಯಂ ಬಿಡಾರ ಹೂಡಿದೆ.

ಹಾಗಿರುವಾಗ ನಾಯಿಯನ್ನು ಅಟ್ಟಿದ ಸೊಸೈಟಿಯು ಏನನ್ನು ಸಾಧಿಸಿದಂತಾಯಿತು? ಕೋಲು ಹಿಡಿದು ಒಂದು ಹಿಂಡನ್ನು ಗೇಟಿನಾಚೆಗೆ ಓಡಿಸಿದ ಮರುವಾರವೇ, ಕಸದ ಡಬ್ಬಿ ಇದ್ದಲ್ಲಿಯೇ ಇರುವುದರಿಂದ, ಇನ್ನೊಂದು ಹಿಂಡು ಬಂದು ಅದೇ ಮೆಟ್ಟಿಲ ಕೆಳಗೆ ಮಲಗುವುದು. ಬಿರುಕಿನಲ್ಲಿ ಉಪವಾಸ ಕಾಯುತ್ತಿದ್ದ ಉಣುಗು ಹೊಸಬರನ್ನು ಸ್ವಾಗತಿಸುವುದು. ನಾಯಿ ಬಾರದಿದ್ದರೆ ಮೂರನೆಯ ಮಹಡಿಯಿಂದ ಲಿಫ್ಟಿನಲ್ಲಿ ಇಳಿದು ಬರುವ, ಪ್ರತಿ ತಿಂಗಳೂ ಸಾವಿರಗಟ್ಟಲೆ ಖರ್ಚಿನಲ್ಲಿ ಸ್ನಾನ ಮಾಡಿಸಿಕೊಳ್ಳುವ ಲ್ಯಾಬ್ರಡಾರ್ ಇದ್ದೇ ಇದೆ. ಆ ಲ್ಯಾಬ್ರಡಾರಿಗೆ ಜ್ವರ ಬಂದಾಗ ಯಜಮಾನರು ಬೀದಿನಾಯಿಯನ್ನು ಶಪಿಸುವರು. ಗೋಡೆಯನ್ನು ಶಪಿಸಿದವರನ್ನು ನಾನು ಕಂಡಿಲ್ಲ.

ಇನ್ನು ಆ ಪ್ರಸಿದ್ಧವಾದ ಗಟ್ಟಿತನದ ವಿಚಾರ. ಉಣುಗು ಒಯ್ಯುವ ರೋಗಗಳು ವಿಲಾಯಿತಿ ನಾಯಿಯೊಂದಿಗೆ ಹಡಗಿನಲ್ಲಿ ಬಂದುವೆಂದೂ, ದೇಶೀ ನಾಯಿಗೂ ಅವಕ್ಕೂ ಸಂಬಂಧವಿಲ್ಲವೆಂದೂ ತಿಳಿದಿರುವವರು ಇತಿಹಾಸವನ್ನು ಸ್ವಲ್ಪ ತಿರುವಬೇಕು. ಹೆಪಟೊಜೂನ್ ಎಂಬ, ನಾಯಿಯು ಮೈ ನೆಕ್ಕಿಕೊಳ್ಳುವಾಗ ಉಣುಗನ್ನು ನುಂಗುವುದರಿಂದ ಒಳಸೇರುವ ರೋಗಾಣುವನ್ನು ಲೋಕದಲ್ಲಿ ಮೊತ್ತಮೊದಲಿಗೆ ನಾಯಿಯ ರಕ್ತದಲ್ಲಿ ಕಂಡು ವರ್ಣಿಸಿದುದು 1905ರಲ್ಲಿ, ಭಾರತದಲ್ಲಿ. ಕೆಂಪು ರಕ್ತಕಣಗಳನ್ನು ಒಡೆದು ನಾಯಿಯನ್ನು ಬಿಳಚಿಸುವ ಬಬೇಸಿಯಾ ಗಿಬ್ಸೋನಿಯನ್ನು ಪ್ಯಾಟನ್ ಎಂಬಾತನು 1910ರಲ್ಲಿ ಗುರುತಿಸಿದುದು ಮದರಾಸಿನ ಬೇಟೆನಾಯಿಗಳಲ್ಲಿ. ಇವೆಲ್ಲ ನಮ್ಮ ಮಣ್ಣಿನಲ್ಲಿಯೇ ಬೇರೂರಿದ ರೋಗಗಳು. ಮುಂಬಯಿ, ದಿಲ್ಲಿ, ಸಿಕ್ಕಿಂ, ಲಡಾಖ್ ಈ ನಾಲ್ಕು ಕಡೆಗಳ ನೂರಾರು ನಾಯಿಗಳ ರಕ್ತವನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವು, ಸೂಕ್ಷ್ಮದರ್ಶಕದ ಕಣ್ಣಿಗೆ ಬಿದ್ದುದಕ್ಕಿಂತ ಎಷ್ಟೋ ಪಾಲು ಹೆಚ್ಚು ಸೋಂಕನ್ನು ಡಿಎನ್‌ಎ ಪರೀಕ್ಷೆಯಲ್ಲಿ ಕಂಡಿತು. ನೋಡುವುದಕ್ಕೆ ನೆಟ್ಟಗಿದ್ದ ನಾಯಿ, ಗಾಜಿನ ಮೇಲೆ ಹಚ್ಚಿದ ರಕ್ತದಲ್ಲಿಯೂ ನೆಟ್ಟಗಿದ್ದ ನಾಯಿ, ರೋಗವನ್ನು ಹೊತ್ತು ತಿರುಗುತ್ತಿತ್ತೆಂದು ಇದರ ಅರ್ಥವಲ್ಲವೆ? ಗಟ್ಟಿತನದ ವಕೀಲರು ಬರಿಗಣ್ಣಿನಿಂದ ಅಷ್ಟನ್ನೆಲ್ಲ ತಿಳಿದುಕೊಂಡರೆಂದರೆ ಅವರ ದೃಷ್ಟಿಗೆ ನಮಸ್ಕಾರ.

ಅವರ ತರ್ಕದ ಮೂಲದೋಷವಿರುವುದು ಎಣಿಕೆಯಲ್ಲಿ. ಗಲ್ಲಿಯಲ್ಲಿ ಬೆಳೆದು ನಿಂತ ನಾಯಿಯನ್ನು ತೋರಿಸಿ, "ನೋಡಿ, ಹುಟ್ಟಿದಂದಿನಿಂದ ಉಣುಗಿದೆ, ಏನಾಗಿದೆ?" ಎಂದು ಕೇಳುವವರು, ಅದರ ಜೊತೆಗೆ ಹುಟ್ಟಿದ ಇತರ ಮರಿಗಳು ಎಲ್ಲಿ ಹೋದುವೆಂದು ಎಂದಾದರೂ ಕೇಳಿಕೊಂಡರೆ? ರಕ್ತಹೀನತೆಯಿಂದ ಒಸಡು ಬೆಳ್ಳಗಾಗಿ, ಎರಡು ದಿನ ಏಳದೆ ಬಿದ್ದು, ಮೂರನೆಯ ಬೆಳಗ್ಗೆ ಪಾಲಿಕೆಯ ಕಸದ ಲಾರಿಯನ್ನೇರಿದ ಮರಿಗಳು ಯಾವ ಜನಗಣತಿಯಲ್ಲಿಯೂ ಇಲ್ಲ, ಯಾವ ಗಟ್ಟಿತನದ ಕಥೆಯಲ್ಲಿಯೂ ಇಲ್ಲ. ಸತ್ತವುಗಳನ್ನು ಲೆಕ್ಕದಿಂದ ತೆಗೆದು, ಬದುಕಿದವುಗಳನ್ನು ಮಾತ್ರ ಸಾಕ್ಷಿಗೆ ಕರೆಯುವ ನ್ಯಾಯಸ್ಥಾನದಲ್ಲಿ ಯಾವ ಆರೋಪಿ ತಾನೆ ಶಿಕ್ಷೆ ಪಡೆದಾನು?

ಬದುಕಿದವುಗಳ ಸ್ಥಿತಿಯಾದರೂ ಏನು? ಎರ್ಲಿಕಿಯಾ ಕೇನಿಸ್ ಎಂಬ ರೋಗಾಣುವು, 1935ರಲ್ಲಿ ಅಲ್ಜೀರಿಯದಲ್ಲಿ ಮೊದಲು ವರ್ಣಿತವಾದುದು, ಬಿಳಿಯ ರಕ್ತಕಣಗಳಲ್ಲಿ ಮನೆಮಾಡುವುದು. ಮೊದಲ ಕೆಲವು ವಾರ ಜ್ವರ, ಅನ್ನದ್ವೇಷ. ಆಮೇಲೆ ರೋಗ ಅಡಗುವುದು, ನಾಯಿ ಬಾಲವಾಡಿಸುತ್ತ ಬರುವುದು, ನಮ್ಮ ದಯಾಳುಗಳು "ತಾನಾಗಿಯೇ ವಾಸಿಯಾಯಿತು" ಎಂದು ಸಂತೋಷಪಡುವರು. ಆ ಅಡಗುವಿಕೆ ತಿಂಗಳುಗಳಿರಬಹುದು, ವರ್ಷಗಳಿರಬಹುದು. ಕೆಲವು ನಾಯಿಗಳಲ್ಲಿ ಅದು ಕಡೆಗೆ ಅಸ್ಥಿಮಜ್ಜೆಯನ್ನೇ ಬತ್ತಿಸಿ, ರಕ್ತ ಹೆಪ್ಪುಗಟ್ಟಿಸುವ ಕಣಗಳನ್ನು ತಗ್ಗಿಸಿ, ಮೂಗಿನಿಂದ ರಕ್ತ ಸುರಿಯುವಂತೆ ಮಾಡಿ ಕೊಲ್ಲುವುದು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದ ಜರ್ಮನ್ ಶೆಫರ್ಡ್ ನಾಯಿಗಳು ಈ ರೋಗದಿಂದಲೇ ಗುಂಪುಗುಂಪಾಗಿ ಸತ್ತುವು. ಅದು ನೋಡಿ, ವಿಲಾಯಿತಿ ನಾಯಿ ಎಂದು ಕೂಡಲೇ ಬೆರಳೆತ್ತುವವರಿಗೆ ನನ್ನ ಉತ್ತರ ಇಷ್ಟೆ: ನಿಧಾನವಾಗಿ ಸಾಯುವುದು ಆರೋಗ್ಯದ ಲಕ್ಷಣವೆಂದು ಯಾವ ವೈದ್ಯಶಾಸ್ತ್ರವೂ ಹೇಳಿಲ್ಲ.

ಇದಕ್ಕಿಂತಲೂ ಮುಖ್ಯವಾದ ಒಂದು ಸಂಗತಿಯಿದೆ. ಎರ್ಲಿಕಿಯಾ ರೋಗಾಣು ತಾಯಿಯುಣುಗಿನಿಂದ ಮೊಟ್ಟೆಗೆ ಇಳಿದುಬರುವುದಿಲ್ಲ. ಗೋಡೆಯ ಸೀಳಿನಲ್ಲಿ ಹುಟ್ಟುವ ಉಣುಗಿನ ಮರಿ ಈ ರೋಗದ ಮಟ್ಟಿಗೆ ನಿರಪರಾಧಿ. ಸೋಂಕಿರುವ ನಾಯಿಯ ರಕ್ತವನ್ನು ಕುಡಿದ ಮೇಲೆಯೇ ಅದು ವಿಷವನ್ನು ಪಡೆದು, ಮುಂದಿನ ಅವಸ್ಥೆಯಲ್ಲಿ ಮುಂದಿನ ನಾಯಿಗೆ ದಾಟಿಸುವುದು. ಎಂದರೆ, "ಏನೂ ಆಗಿಲ್ಲ" ಎಂದು ನಾವು ಚಿಕಿತ್ಸೆಯಿಲ್ಲದೆ ಬಿಟ್ಟ ಆ ಗಟ್ಟಿ ನಾಯಿಯೇ ಗಲ್ಲಿಯ ಸಮಸ್ತ ಉಣುಗುಗಳಿಗೂ ರೋಗವನ್ನು ಬಡಿಸುವ ಅನ್ನಸತ್ರ. ನಾವು ಹೊಗಳುವ ಗಟ್ಟಿತನವೇ ಮುಂದಿನ ಮರಿಗಳ ಮರಣಪತ್ರ.

ಉಣಿಸುವವರ ಮೇಲೆ ನನಗೆ ದ್ವೇಷವಿಲ್ಲ, ಆಕ್ಷೇಪವಿದೆ. ದತ್ತಗುರುವಿನ ಪಾದದ ಬಳಿಯ ನಾಲ್ಕು ನಾಯಿಗಳನ್ನು ನಾಲ್ಕು ವೇದಗಳೆಂದು ಕೈಮುಗಿಯುವ, ನಮ್ಮ ಮೈಲಾರನನ್ನೇ ಖಂಡೋಬನೆಂದು ಕರೆದು ಅವನ ನಾಯಿಗೂ ಪೂಜೆ ಸಲ್ಲಿಸುವ ಈ ನಾಡಿನಲ್ಲಿ, ವೇದದ ಕಿವಿಯಲ್ಲಿ ಉಣುಗು ಗಿಜಿಗುಟ್ಟುತ್ತಿದ್ದರೂ ಭಕ್ತರು ಎದುರಿಗೆ ಬಿಸ್ಕತ್ತನ್ನಿಟ್ಟು ಪುಣ್ಯ ಕಟ್ಟಿಕೊಳ್ಳುವರು. ಹತ್ತು ನಾಯಿಗಳನ್ನು ದಿನವೂ ಒಂದೇ ಮೂಲೆಗೆ, ಒಂದೇ ಹೊತ್ತಿಗೆ ಸೇರಿಸುವುದೆಂದರೆ ಹತ್ತು ನಾಯಿಗಳ ಉಣುಗುಗಳಿಗೂ ಅಲ್ಲಿ ಸಂತೆ ಕಟ್ಟಿಕೊಟ್ಟಂತೆ ಎಂಬುದು ಅವರ ಮನಸ್ಸಿಗೆ ಬಂದುದೇ ಇಲ್ಲ. ಬಂದವರು ಮಾಡುವ ಉಪಚಾರವಾದರೂ ಎಂಥದು? ಸೀಮೆಎಣ್ಣೆ ಸವರುವುದು, ಗ್ಯಾರೇಜಿನ ಹಳೆಯ ಎಂಜಿನ್ ಆಯಿಲ್ ಬಳಿಯುವುದು, ಫಿನೈಲಿನಿಂದ ತೊಳೆಯುವುದು. ಇವುಗಳನ್ನು ನೆಕ್ಕಿಕೊಂಡ ನಾಯಿ ಉಣುಗಿಗಿಂತ ಮೊದಲೇ ಸತ್ತೀತು. ಇಲ್ಲವೆ ಭಾನುವಾರದ ಬಿಡುವಿನಲ್ಲಿ ಕುಳಿತು ಕೈಯಿಂದ ಕಿತ್ತು ಹೊಸಕುವುದು. ಕಚ್ಚಿದ ಕೆಲವೇ ಗಂಟೆಗಳಲ್ಲಿ ಎರ್ಲಿಕಿಯಾ ದಾಟಿಬಿಡುವುದೆಂದು ಪ್ರಯೋಗಗಳು ತೋರಿಸಿರುವಾಗ ವಾರಕ್ಕೊಮ್ಮೆ ಕೀಳುವ ಈ ವ್ರತದಿಂದ ಯಾರಿಗೆ ಲಾಭ?

ಪಾಲಿಕೆಯ ಮೇಲಿನ ಆರೋಪವನ್ನು ಎರಡು ಮಾತಿನಲ್ಲಿ ಮುಗಿಸಬಹುದು. ಶಸ್ತ್ರಚಿಕಿತ್ಸೆಗೆಂದು ಹಿಡಿದು ತಂದ ನಾಯಿ ಕೆಲವು ದಿನ ಕೈವಶದಲ್ಲಿರುವುದು. ಅಷ್ಟರಲ್ಲಿ ಅದರ ಉಣುಗನ್ನು ತೆಗೆದರೂ, ನಿಯಮವು ವಿಧಿಸುವಂತೆ ಹಿಡಿದ ಜಾಗಕ್ಕೇ ತಂದು ಬಿಟ್ಟ ಮೇಲೆ ಅದು ಅದೇ ಗೋಡೆಗೆ ಒರಗಿ ಮಲಗುವುದು. ಒಂದು ದಿನದ ಔಷಧಿಯಿಂದ ವರ್ಷವಿಡೀ ಮೊಟ್ಟೆಯೊಡೆಯುವ ಗೋಡೆಯನ್ನು ಗೆಲ್ಲಲಾದೀತೆ? ಸರ್ವೋಚ್ಚ ನ್ಯಾಯಾಲಯದ ಆಗಸ್ಟ್ 22ರ ಆದೇಶವು ಸಂತಾನಹರಣ, ಜಂತುನಿವಾರಣೆ, ಲಸಿಕೆ ಎಂದು ಎಣಿಸಿತು. ಹೊಟ್ಟೆಯೊಳಗಿನ ಹುಳುವಿನವರೆಗೆ ಬಂದ ರಾಷ್ಟ್ರದ ಗಮನವು ಚರ್ಮದ ಮೇಲಿನ ಹುಳುವಿನವರೆಗೆ ಬರಲು ಇನ್ನೆಷ್ಟು ಶತಮಾನ ಬೇಕು?

ಇಷ್ಟು ಹೊತ್ತಿಗೆ, ನಾಯಿಯ ರೋಗ ನಾಯಿಗೆ, ನಮಗೇನು ಎಂದು ಗೊಣಗುತ್ತಿರುವ ಓದುಗರಿದ್ದರೆ ಅವರಿಗೆ ಒಂದೆರಡು ಮಾತು. ಉಣುಗಿನಿಂದ ಬರುವ ಟೈಫಸ್‌ನಂಥ ಜ್ವರವೊಂದು ಈ ದೇಶದಲ್ಲಿರುವಂತಿದೆಯೆಂದು ಮೆಗಾವ್ ಎಂಬ ವೈದ್ಯಾಧಿಕಾರಿಯು ಬರೆದುದು 1921ರಲ್ಲಿ. ಇಂದು ಭಾರತೀಯ ಉಣುಗುಜ್ವರವೆಂದು ಕರೆಯಲ್ಪಡುವ ಆ ರೋಗ ಮಹಾರಾಷ್ಟ್ರದಲ್ಲಿಯೂ ಕರ್ನಾಟಕದಲ್ಲಿಯೂ ಮಕ್ಕಳನ್ನು ಮಲಗಿಸಿದೆ. ಅದನ್ನೊಯ್ಯುವ ಉಣುಗುಗಳಲ್ಲಿ ನಮ್ಮ ಗೋಡೆಯ ಈ ಕಂದು ನಿವಾಸಿಯೂ ಒಂದು. ಸಾಮಾನ್ಯವಾಗಿ ನಾಯಿಯನ್ನೇ ಮೆಚ್ಚುವ ಇದು, ಬಿಸಿಲೇರಿದಷ್ಟೂ ಮನುಷ್ಯನ ಮೈಯನ್ನೂ ಹುಡುಕುವುದೆಂದು ಫ್ರಾನ್ಸಿನ ಸಂಶೋಧಕರು ಕಂಡಿದ್ದಾರೆ. ಮುಂಬಯಿಯ ಮೇ ತಿಂಗಳನ್ನು ಅವರು ಕಂಡಿದ್ದರೋ ಇಲ್ಲವೋ. ಮಳೆಗಾಲದಲ್ಲಿ ಜ್ವರ ಬಂದ ಮಗುವಿಗೆ ಇಲ್ಲಿ ಮಲೇರಿಯ, ಡೆಂಗ್ಯೂ, ಇಲಿಜ್ವರ ಈ ಮೂರರ ಪರೀಕ್ಷೆ ಶಾಸ್ತ್ರೋಕ್ತವಾಗಿ ನಡೆಯುವುದು. ಅಂಗೈ ಅಂಗಾಲುಗಳಲ್ಲಿ ಕೆಂಪು ಗಂಧೆಗಳೆದ್ದಿವೆಯೆ, ಮನೆಯ ಸುತ್ತ ನಾಯಿಗಳಿವೆಯೆ, ಉಣುಗು ಕಂಡಿರೆ ಎಂದು ಎಷ್ಟು ಮಂದಿ ವೈದ್ಯರು ಕೇಳುವರು? ಕೇಳಿದರೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆಯಿಂದ ಗುಣವಾಗುವ ಕಾಯಿಲೆ ಇದು. ಕೇಳದಿದ್ದರೆ ಪ್ರಾಣಕ್ಕೂ ಎರವಾದೀತು.

ಮುಂಬಯಿಯ ಕನ್ನಡಿಗರಾದ ನಾವಂತೂ ಈ ವಿಷಯದಲ್ಲಿ ಅಜ್ಞಾನವನ್ನು ನಟಿಸುವಂತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಹಿಂದೆಯೇ ಮನುಷ್ಯರು ಸತ್ತಾಗ, ಬೇರೊಂದು ಜಾತಿಯ ಉಣುಗು ಏನು ಮಾಡಬಲ್ಲುದೆಂದು ಲೋಕಕ್ಕೆ ಗೊತ್ತಾದುದು ನಮ್ಮ ಮಲೆನಾಡಿನ ಮೂಲಕ. ಆ ಮಂಗನ ಕಾಯಿಲೆ 2016ರಲ್ಲಿ ಸಿಂಧುದುರ್ಗದವರೆಗೆ ನಡೆದುಬಂತು. ಊರಿಗೆ ಫೋನು ಮಾಡಿ, "ತೋಟಕ್ಕೆ ಹೋಗುವಾಗ ಎಣ್ಣೆ ಹಚ್ಚಿಕೊಂಡು ಹೋಗಿ ಅಪ್ಪಯ್ಯ, ಉಣುಗಿದೆ" ಎಂದು ಎಚ್ಚರಿಸುವ ಮಾಟುಂಗಾದ, ಡೊಂಬಿವಲಿಯ ಮಕ್ಕಳು, ತಮ್ಮ ಮೆಟ್ಟಿಲ ಕೆಳಗಿನ ಉಣುಗನ್ನು ಮಾತ್ರ ಕಟ್ಟಡದ ಸುಣ್ಣಬಣ್ಣದಷ್ಟೇ ಸಹಜವೆಂದು ದಾಟಿ ಆಫೀಸಿಗೆ ಓಡುವರು.

ಮಾಡಲು ಏನೂ ಸಾಧ್ಯವಿಲ್ಲ ಎಂಬುದು ಸೋಮಾರಿಗಳ ಕೊನೆಯ ಕೋಟೆ. ಅದನ್ನೂ ಒಡೆಯೋಣ. ಅಮೆರಿಕದ ಅರಿಜೋನಾದಲ್ಲಿ, ಮೂಲನಿವಾಸಿಗಳ ವಸತಿಗಳಲ್ಲಿ, ಈ ಶತಮಾನದ ಆರಂಭದಿಂದ ಇದೇ ಕಂದು ಉಣುಗು ಬೀದಿಯಲ್ಲಿ ತಿರುಗುವ ನಾಯಿಗಳಿಂದ ಮನುಷ್ಯರಿಗೆ ಮಾರಕವಾದ ಚುಕ್ಕೆಜ್ವರವನ್ನು ತಂದಿತು, ಮಕ್ಕಳು ಸತ್ತರು. 2012ರಲ್ಲಿ ಸುಮಾರು 500 ಮನೆಗಳ ಒಂದು ವಸತಿಯಲ್ಲಿ ಆರೋಗ್ಯಾಧಿಕಾರಿಗಳು ನಾಯಿಗಳನ್ನು ಕೊಲ್ಲಲೂ ಇಲ್ಲ, ಊರಾಚೆಗೆ ಸಾಗಿಸಲೂ ಇಲ್ಲ. ಪ್ರತಿಯೊಂದು ನಾಯಿಯ ಕೊರಳಿಗೂ ತಿಂಗಳುಗಟ್ಟಲೆ ಕೆಲಸ ಮಾಡುವ ಔಷಧಿಯ ಪಟ್ಟಿಯನ್ನು ಕಟ್ಟಿ, ಅದೇ ಕಾಲಕ್ಕೆ ಮನೆಯಂಗಳಗಳಿಗೆ ಉಣುಗುನಾಶಕವನ್ನು ಸಿಂಪಡಿಸಿದರು. ಅಲ್ಲಿ ಉಣುಗು ಕಾಣುವ ನಾಯಿಗಳು ನೂರಕ್ಕೆ ಒಂದರಷ್ಟಾದುವು. ಯೋಜನೆಗೆ ಸೇರದ ನೆರೆಯವರಲ್ಲಿ ನೂರಕ್ಕೆ ಅರುವತ್ತರ ಮೇಲೆಯೇ ಉಳಿದುವು. ನಾಯಿ ಮತ್ತು ಗೋಡೆ ಎರಡನ್ನೂ ಒಟ್ಟಿಗೆ ಹಿಡಿದುದೇ ಅಲ್ಲಿನ ರಹಸ್ಯ.

ಆದುದರಿಂದ ಕೇಳಬೇಕಾದುದನ್ನು ಬಿಚ್ಚಿ ಕೇಳೋಣ. ನ್ಯಾಯಾಲಯವು ವಾರ್ಡಿಗೆ ವಾರ್ಡಿನಲ್ಲಿ ನಿಯತವಾದ ಉಣಿಸುವ ಸ್ಥಳಗಳಿರಬೇಕೆಂದಿದೆ. ಆ ಸ್ಥಳಗಳೇ ಔಷಧಿಯ ಸ್ಥಳಗಳೂ ಆಗಲಿ. ಒಮ್ಮೆ ನುಂಗಿಸಿದರೆ ಸುಮಾರು 12 ವಾರ ಉಣುಗನ್ನು ಕೊಲ್ಲುವ ಮಾತ್ರೆಗಳು ಇಂದು ಪೇಟೆಯಲ್ಲಿವೆ. ಬೆಲೆ ಹೆಚ್ಚೆಂಬುದು ನಿಜ, ಹಾಗೆಂದೇ ಅವುಗಳನ್ನು ಪಾಲಿಕೆಯು ಸಗಟಾಗಿ ಕೊಂಡು ಪಶುವೈದ್ಯರ ಮೇಲ್ವಿಚಾರಣೆಯಲ್ಲಿ ಹಂಚಬೇಕು. ಎರ್ಲಿಕಿಯಾ ಹಿಡಿದ ನಾಯಿಗೆ ಡಾಕ್ಸಿಸೈಕ್ಲಿನನ್ನು 28 ದಿನ ತಪ್ಪದೆ ಕೊಡಬೇಕು. ಬೀದಿಯ ನಾಯಿಗೆ ದಿನವೂ ಯಾರು ಕೊಡುವರೆಂದು ಅಧಿಕಾರಿಗಳು ಕೈಚೆಲ್ಲುವರಲ್ಲ, ರಾತ್ರಿ ಹನ್ನೊಂದಕ್ಕೆ ದಿನವೂ ಬರುವ ಆ ಸ್ಕೂಟರಿನವರನ್ನು ಅವರು ಎಂದಾದರೂ ಕರೆದು ಕೇಳಿದರೆ? ಸಂತಾನಹರಣಕ್ಕೆ ತಂದ ಪ್ರತಿ ನಾಯಿಯ ಒಂದು ಹನಿ ರಕ್ತ ಪರೇಲಿನ ಪ್ರಯೋಗಾಲಯಕ್ಕೆ ಹೋಗಲಿ, ಯಾವ ವಾರ್ಡಿನಲ್ಲಿ ಯಾವ ರೋಗವೆಷ್ಟೆಂಬುದು ವರ್ಷಕ್ಕೊಮ್ಮೆ ಪ್ರಕಟವಾಗಲಿ.

ಸೊಸೈಟಿಗಳು ಈ ವರ್ಷದ ಸರ್ವಸಾಧಾರಣ ಸಭೆಯಲ್ಲಿ, ಲಾಬಿಗೆ ಇಟಲಿಯ ಮಾರ್ಬಲ್ ಹಾಸುವ ಠರಾವಿಗೆ ಮೊದಲು, ಕಾಂಪೌಂಡಿನ ಗೋಡೆಯ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿಸಿ ಮೆಟ್ಟಿಲ ಸಂದುಗಳಿಗೆ ತಿಳಿದವರಿಂದ ಔಷಧಿ ಹೊಡೆಸುವ ಠರಾವನ್ನು ಮಂಜೂರು ಮಾಡಲಿ. ವಾರ್ಡ್ ಕಚೇರಿಗೆ ಅರ್ಜಿ ಬರೆದು ಪಳಗಿದ ಕೈಗಳು ಈ ಸಲ "ನಾಯಿಗಳನ್ನು ಕೊಂಡೊಯ್ಯಿರಿ" ಎಂಬಲ್ಲಿ "ಔಷಧಿಯನ್ನು ತನ್ನಿರಿ" ಎಂದು ಬರೆಯಲಿ. ಉಣಿಸುವವರು ಆ ಅರ್ಜಿಯ ಕೆಳಗೆ ಮೊದಲ ರುಜು ಹಾಕಲಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಕಾಯದೆಯಿದೆ: ಕಳೆದ ವರ್ಷ ಬೀದಿನಾಯಿಗಳ ಉಣುಗಿಗೆಂದು ಪಾಲಿಕೆ ಎಷ್ಟು ರೂಪಾಯಿ ವೆಚ್ಚ ಮಾಡಿತು, ಎಷ್ಟು ನಾಯಿಗಳ ರಕ್ತವನ್ನು ಪರೀಕ್ಷಿಸಿತು ಎಂಬ ಎರಡೇ ಪ್ರಶ್ನೆ ಕೇಳಿ, ಮೂವತ್ತು ದಿನಗಳೊಳಗೆ ಅವರು ಉತ್ತರಿಸಲೇಬೇಕು.